ವಿಧೇಯತೆಯೆಂದರೇನು?

ಪ್ರತಿ ವರ್ಷವೂ ಜೂನ್ ತಿಂಗಳಿನಲ್ಲಿ ಮಗಳನ್ನು ನಮ್ಮ ಶಾಲೆಗೆ ಸೇರಿಸಲು ಬರುವ ತಂದೆತಾಯಿಗಳು ನಮ್ಮಲ್ಲಿ ಬಗೆಬಗೆಯ ಬೇಡಿಕೆಗಳನ್ನಿಡುವರು. ಒಬ್ಬರಿಗೆ ಇಂಗ್ಲಿಷಿನ ಚಿಂತೆ, ಒಬ್ಬರಿಗೆ ಲೆಕ್ಕದ ಚಿಂತೆ, ಇನ್ನೊಬ್ಬರಿಗೆ ಬೋರ್ಡಿಂಗಿನ ಊಟದ ಚಿಂತೆ. ಆದರೆ ಬಂದವರು ಚಿಕ್ಕಬಳ್ಳಾಪುರದ ವರ್ತಕರಾಗಲಿ, ಗೌರೀಬಿದನೂರಿನ ರೈತರಾಗಲಿ, ಚಿಂತಾಮಣಿಯ ಉಪಾಧ್ಯಾಯರಾಗಲಿ, ಶಿಡ್ಲಘಟ್ಟದ ರೇಷ್ಮೆ ಕೆಲಸದವರಾಗಲಿ, ಕ್ರೈಸ್ತರಾಗಲಿ ಹಿಂದೂಗಳಾಗಲಿ ಮುಸಲ್ಮಾನರಾಗಲಿ, ಏಳುವ ಮುನ್ನ ಎಲ್ಲರೂ ತಪ್ಪದೆ ಆಡುವ ಮಾತೊಂದುಂಟು: “ಅಮ್ಮಾ, ನಮ್ಮ ಹುಡುಗಿ ಹೇಳಿದ ಮಾತು ಕೇಳುವಂತೆ ಮಾಡಿ.”

ಈ ಬೇಡಿಕೆಯನ್ನು ನಾವು ಸಣ್ಣದೆಂದು ಎಣಿಸುವುದಿಲ್ಲ. ಹೆತ್ತವರು ತಮ್ಮ ಕರುಳಿನ ಕುಡಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವಾಗ ಬಾಯಿಗೆ ಬರುವ ಮಾತು ಅವರ ಮನಸ್ಸಿನ ಆಳದ್ದಾಗಿರುವುದು. ಆದರೆ ‘ಮಾತು ಕೇಳುವುದು’ ಎಂದರೆ ಅವರು ತಿಳಿದಿರುವ ಅರ್ಥವೂ ಕ್ರಿಸ್ತನ ಶಿಷ್ಯರಾದ ನಮಗೆ ವೇದವು ಕಲಿಸಿದ ಅರ್ಥವೂ ಒಂದೇ ಆಗಿರುವವೆಂದು ಹೇಳುವ ಧೈರ್ಯ ನಮಗಿಲ್ಲ. ಕ್ರೈಸ್ತ ವಿಧೇಯತೆಯ ವಿಷಯವಾಗಿ ಈ ಸಂಚಿಕೆಗೆ ಬರೆಯಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿರುವುದರಿಂದ, ಹೆತ್ತವರಿಗೂ, ಇಂದು ತಾವೇ ಹೆತ್ತವರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಈ ವಿಚಾರವನ್ನು ಬಿಚ್ಚಿ ಹೇಳುವೆವು. ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಕೃಪೆಯು ಮುಂದೆ, ಆಜ್ಞೆಯು ಅದರ ಹಿಂದೆ; ಈ ಅನುಕ್ರಮ ತಪ್ಪಿದರೆ ಉಳಿಯುವುದು ಅಂಜಿಕೆಯೇ ಹೊರತು ವಿಧೇಯತೆಯಲ್ಲ.

ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಹತ್ತು ಆಜ್ಞೆಗಳು ಇರುವುವೆಂದು ನಮ್ಮ ಚಿಕ್ಕ ಮಕ್ಕಳೂ ಬಲ್ಲರು. ಕಂಠಪಾಠ ಒಪ್ಪಿಸುವಾಗ ಅವರು ಸಾಮಾನ್ಯವಾಗಿ ಹಾರಿಹೋಗುವ ಭಾಗವೊಂದಿದೆ, ಅದು ಮೊದಲನೆಯ ಆಜ್ಞೆಗಿಂತಲೂ ಮೊದಲು ಬರುವ ಮಾತು. ಅಲ್ಲಿ ದೇವರು ಏನನ್ನೂ ಅಪ್ಪಣೆ ಮಾಡುವುದಿಲ್ಲ. ದಾಸತ್ವದಲ್ಲಿದ್ದ ಜನರನ್ನು ಐಗುಪ್ತದಿಂದ ಹೊರಗೆ ಕರೆತಂದವನು ತಾನೆಂದು ನೆನಪು ಮಾಡಿಕೊಡುವನು, ಅಷ್ಟೆ. ಯೆಹೂದ್ಯರು ಹತ್ತು ಮಾತುಗಳನ್ನು ಎಣಿಸುವಾಗ ಇದನ್ನೇ ಮೊದಲನೆಯದಾಗಿ ಎಣಿಸುವರು. ಕೆಂಪು ಸಮುದ್ರ ಹಿಂದೆ ಉಳಿದ ಮೇಲೆ, ಮೂರನೆಯ ತಿಂಗಳಿನಲ್ಲಿ, ಬಿಡುಗಡೆ ಹೊಂದಿದ ಜನರಿಗೆ ಸೀನಾಯಿ ಬೆಟ್ಟದ ಬುಡದಲ್ಲಿ ಆಜ್ಞೆಗಳು ಬಂದವು. ಐಗುಪ್ತದಲ್ಲಿ ಇಟ್ಟಿಗೆ ಹೊರುತ್ತಿದ್ದಾಗಲೇ ಈ ಹತ್ತನ್ನು ಕೊಟ್ಟು, ಸರಿಯಾಗಿ ನಡೆದರೆ ಬಿಡಿಸುವೆನೆಂದು ದೇವರು ಹೇಳಲಿಲ್ಲ. ಪರೀಕ್ಷೆ ಮಾಡಿ ಸೇರಿಸಿಕೊಳ್ಳುವ ಶಾಲೆಗಳುಂಟು. ಸೇರಿಸಿಕೊಂಡು ಕಲಿಸುವ ಶಾಲೆಗಳೂ ಉಂಟು. ಸೀನಾಯಿಯು ಎರಡನೆಯ ಬಗೆಯ ಶಾಲೆ.

ಕನ್ನಡ ಬೈಬಲಿನಲ್ಲಿ ಮೋಶೆಯ ಆಜ್ಞೆಗಳಿಗೆ ‘ಧರ್ಮಶಾಸ್ತ್ರ’ ಎಂಬ ಹೆಸರಿದೆ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರೂ ವಿಲಿಯಂ ರೀವರೂ ದುಡಿದುದರಿಂದ 1831ರ ವೇಳೆಗೆ ಕನ್ನಡಿಗರಿಗೆ ಇಡೀ ಬೈಬಲು ದೊರೆಯಿತು. ಅವರಿಗೂ, ಅವರ ತರುವಾಯ ಭಾಷಾಂತರವನ್ನು ತಿದ್ದಿದವರಿಗೂ ನಾವು ಋಣಿಗಳು. ಆದರೆ ಧರ್ಮಶಾಸ್ತ್ರವೆಂಬ ಮಾತು ಈ ದೇಶದಲ್ಲಿ ಮನುವಿನ ಹೆಸರನ್ನೂ ಪ್ರಾಯಶ್ಚಿತ್ತ ದಂಡನೆಗಳನ್ನೂ ನೆನಪಿಗೆ ತಾರದೆ ಇರಲಾರದು. ಇಬ್ರಿಯ ಭಾಷೆಯ ‘ತೋರಾ’ ಎಂಬುದಕ್ಕೆ ಬೋಧನೆ, ದಾರಿ ತೋರಿಸುವುದು ಎಂಬ ಅರ್ಥವೇ ಮುಂದಾಗಿದೆ. ನಮ್ಮಂತಹ ಪಾಠ ಹೇಳುವವರ ಕಿವಿಗೆ ಅದು ನ್ಯಾಯಸ್ಥಾನದ ಮಾತಿಗಿಂತ ತರಗತಿಯ ಮಾತಿನಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಆಜ್ಞೆಗಳ ಸ್ಥಾನ ಯಾವುದು ಎಂಬುದರಲ್ಲಿ ಸಭೆಯ ಹಿರಿಯರೂ ಒಮ್ಮತದವರಲ್ಲ. ಲೂಥರನು 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರಮಾಲೆಯಲ್ಲಿ ದಶಾಜ್ಞೆಗಳನ್ನು ಎಲ್ಲಕ್ಕೂ ಮೊದಲು ಇಟ್ಟನು. ಮನುಷ್ಯನು ತನ್ನ ಕೊರತೆಯನ್ನು ಕಂಡುಕೊಂಡ ಮೇಲಲ್ಲವೆ ಕೃಪೆಗೆ ಕೈಚಾಚುವುದು? 1563ರ ಹೈಡಲ್‌ಬರ್ಗಿನ ಪ್ರಶ್ನೋತ್ತರಮಾಲೆಯಾದರೋ ಮನುಷ್ಯನ ದುಃಸ್ಥಿತಿ, ಬಿಡುಗಡೆ, ಕೃತಜ್ಞತೆ ಎಂದು ಮೂರು ಭಾಗ ಮಾಡಿ, ದಶಾಜ್ಞೆಗಳ ವಿವರವನ್ನು ಕೃತಜ್ಞತೆಯ ಭಾಗಕ್ಕೆ ಸೇರಿಸಿತು. ಎರಡಕ್ಕೂ ವೇದದ ಆಧಾರವುಂಟು. ಹುಡುಗಿಯರ ನಡುವೆ ಇಷ್ಟು ವರ್ಷ ಕಳೆದ ಮೇಲೆ ನಮ್ಮ ಮನಸ್ಸು ಎರಡನೆಯದರ ಕಡೆಗೆ ವಾಲಿದೆ. ತನ್ನನ್ನು ಪ್ರೀತಿಸುವರೆಂದು ಗೊತ್ತಾದ ಹುಡುಗಿಗೆ ಒಂದು ಸಲ ಹೇಳಿದರೆ ಸಾಕು. ಗೊತ್ತಾಗದವಳಿಗೆ ಹತ್ತು ಸಲ ಹೇಳಿದರೂ ಅವಳು ಹೇಳಿದವರ ಕಣ್ಣು ತಪ್ಪುವ ಹೊತ್ತನ್ನೇ ಕಾಯುವಳು.

ಕೃಪೆಯೆಂಬುದು ನಮ್ಮ ಹಿಂದೂ ವಾಚಕರಿಗೆ ಹೊರಗಿನ ಮಾತೇನೂ ಅಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ಯತಿಗಳ ತೆಲುಗು ಕನ್ನಡ ಕೀರ್ತನೆಗಳನ್ನು ಕೇಳಿ ಬೆಳೆದ ಮನೆಗಳಿಗೆ ಅದು ಹಳೆಯ ನೆಂಟ. ಶ್ರೀವೈಷ್ಣವರಲ್ಲಿ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯವೆಂದು ಎರಡು ಪಕ್ಷಗಳುಂಟಷ್ಟೆ. ಮಂಗನ ಮರಿಯಂತೆ ಜೀವನು ದೇವರನ್ನು ತಾನಾಗಿ ತಬ್ಬಿಕೊಳ್ಳಬೇಕೋ, ಬೆಕ್ಕಿನ ಮರಿಯಂತೆ ಸುಮ್ಮನಿದ್ದು ತಾಯಿ ಕಚ್ಚಿಕೊಂಡು ಹೋಗುವುದನ್ನು ನಂಬಿರಬೇಕೋ ಎಂಬುದು ಅಲ್ಲಿಯ ವಾದ. ಪೌಲನ ಪತ್ರಿಕೆಗಳನ್ನು ಓದಿದವರಿಗೆ ಬೆಕ್ಕಿನ ಪಕ್ಷವೇ ಹತ್ತಿರವೆಂದು ತೋರುವುದು. ಆದರೆ ಬೆಕ್ಕು ಮರಿಯನ್ನು ಕಚ್ಚಿಕೊಂಡು ತಿರುಗುವುದು ಕೆಲವು ವಾರಗಳ ಮಾತು. ಆಮೇಲೆ ಮರಿಯು ನಡೆಯುವುದು, ಅದೂ ತಾಯಿಯ ಹಿಂದೆಯೇ. ಕೃಪೆಯಿಂದ ಎತ್ತಲ್ಪಟ್ಟವನು ಕಾಲೂರಿ ನಡೆಯಲೇ ಕೂಡದೆಂದು ಪೌಲನು ಎಲ್ಲಿಯೂ ಹೇಳಲಿಲ್ಲ.

ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಅವನು ಧರ್ಮಶಾಸ್ತ್ರವನ್ನು ‘ಪೈದಗೋಗೋಸ್’ ಎಂಬುವವನಿಗೆ ಹೋಲಿಸಿದನು. ಇವನು ಉಪಾಧ್ಯಾಯನಲ್ಲ. ಸಿರಿವಂತರ ಮನೆಯ ಮಗುವನ್ನು ಕೈಹಿಡಿದು ಶಾಲೆಗೆ ತಲುಪಿಸಿ, ದಾರಿಯಲ್ಲಿ ಕೆಟ್ಟ ಸಹವಾಸಕ್ಕೆ ಬೀಳದಂತೆ ನೋಡಿಕೊಳ್ಳುತ್ತಿದ್ದ ಮನೆಯಾಳು. ನಮ್ಮ ಹೆಣ್ಣುಮಕ್ಕಳ ಶಾಲೆಗಳ ಚರಿತ್ರೆ ತಿಳಿದವರಿಗೆ ಈ ಉಪಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಡುಗಿಯರು ಒಬ್ಬರೇ ಬೀದಿಯಲ್ಲಿ ನಡೆಯಲಾಗದಿದ್ದ ಕಾಲದಲ್ಲಿ ದಕ್ಷಿಣ ಭಾರತದ ಹಲವು ಮಿಶನ್ ಶಾಲೆಗಳು ಅವರನ್ನು ಕರೆತರುವುದಕ್ಕೆಂದೇ ಸಂಬಳ ಕೊಟ್ಟು ಹೆಂಗಸರನ್ನು ಇಟ್ಟಿದ್ದವು. ಅವರು ಮನೆಮನೆಗೆ ಹೋಗಿ, ಅಳುವವಳನ್ನು ಸಮಾಧಾನ ಮಾಡಿ, ಹಠ ಮಾಡುವವಳನ್ನು ಗದರಿಸಿ ಕರೆತರುತ್ತಿದ್ದರು. ಅಂತಹ ಹೆಂಗಸಿಗೆ ಅಕ್ಷರ ಬಾರದಿದ್ದರೂ ಇರಬಹುದು. ಆದರೆ ಅವಳ ಕೈ ಇಲ್ಲದಿದ್ದರೆ ಹುಡುಗಿಯು ಅಕ್ಷರದ ಬಳಿಗೆ ಬರುತ್ತಿರಲಿಲ್ಲ.

ಹುಡುಗಿ ದೊಡ್ಡವಳಾದ ಮೇಲೆ ಆ ಕೈ ಬೇಡವಾಗುವುದು. ಪೌಲನು ಹೇಳುವ ಸ್ವಾತಂತ್ರ್ಯವು ಇದೇ. ಆದರೆ ಕೈ ಬಿಟ್ಟಿತೆಂದು ದಾರಿ ಬದಲಾಗುವುದೆ? ಶಾಲೆ ಎಲ್ಲಿತ್ತೋ ಅಲ್ಲಿಯೇ ಇರುವುದು. ನಿನ್ನೆ ಕೈಹಿಡಿಸಿಕೊಂಡು ನಡೆದ ದಾರಿಯಲ್ಲಿಯೇ ಇಂದು ಅವಳು ತಾನಾಗಿ ನಡೆಯುವಳು. ತಾನು ಧರ್ಮಶಾಸ್ತ್ರವನ್ನು ತೆಗೆದುಹಾಕಲು ಬಂದವನಲ್ಲ, ನೆರವೇರಿಸಲು ಬಂದವನೆಂದು ನಮ್ಮ ಕರ್ತನು ಬೆಟ್ಟದ ಪ್ರಸಂಗದಲ್ಲಿ ತಿಳಿಸಿದುದು ಈ ಅರ್ಥದಲ್ಲಿಯೇ ಎಂದು ನಾವು ತಿಳಿದಿರುವೆವು. ಹೊಸ ಒಡಂಬಡಿಕೆಯಲ್ಲಿ ಧರ್ಮಶಾಸ್ತ್ರವು ಅಳಿಸಿಹೋಗುವುದೆಂದು ಯೆರೆಮೀಯನು ನುಡಿಯಲಿಲ್ಲ. ಕಲ್ಲಿನ ಮೇಲಿದ್ದುದು ಹೃದಯದ ಮೇಲೆ ಬರೆಯಲ್ಪಡುವುದೆಂದು ನುಡಿದನು.

ಇಷ್ಟು ಹೇಳಿದ ಮೇಲೆ ಪರೀಕ್ಷೆಯ ಕಾಲದ ಸಂಗತಿಯೊಂದನ್ನು ಎತ್ತದೆ ಬಿಡುವಂತಿಲ್ಲ. ಯಾವಳಾದರೂ ಹುಡುಗಿ ನಕಲು ಮಾಡಿ ಸಿಕ್ಕಿಬಿದ್ದರೆ ಮರುದಿನ ಅವಳ ಮನೆಯವರು ಬರುವರು. ಜೂನಿನಲ್ಲಿ ಮಗಳು ಮಾತು ಕೇಳುವಂತೆ ಮಾಡಿರೆಂದು ಬೇಡಿದವರೇ ಮಾರ್ಚಿನಲ್ಲಿ ಬಂದು, “ಇದು ಏಸುಸ್ವಾಮಿಯ ಶಾಲೆಯಲ್ಲವೆ ಅಮ್ಮಾ? ಕ್ಷಮಿಸಬಾರದೆ?” ಎಂದು ಕೇಳುವರು. ಚತುರವಾದ ಪ್ರಶ್ನೆ! ಕ್ರೈಸ್ತರಲ್ಲದವರೇ ಇದನ್ನು ಹೆಚ್ಚು ಕೇಳುವರೆಂದು ಯಾರಾದರೂ ಎಣಿಸಿದರೆ ತಪ್ಪು. ಸಭೆಯ ಹಿರಿಯರ ಮನೆಗಳಿಂದಲೂ ಇದೇ ಪ್ರಶ್ನೆ ಬರುವುದು, ಜೊತೆಗೆ ವಾಕ್ಯದ ಆಧಾರವೂ ಬರುವುದು.

ಈ ಪ್ರಶ್ನೆಯನ್ನು ಪೌಲನೇ ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ಎತ್ತಿ, ಕೃಪೆಯು ಹೆಚ್ಚಲೆಂದು ಪಾಪದಲ್ಲಿ ನಿಲ್ಲಬಹುದೆ ಎಂಬುದಕ್ಕೆ ಎಂದಿಗೂ ಕೂಡದೆಂದು ಉತ್ತರ ಕೊಟ್ಟನು. ಜರ್ಮನಿಯ ಬಾನ್‌ಹೋಫರ್ ಎಂಬ ಬೋಧಕನು 1937ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪಶ್ಚಾತ್ತಾಪವಿಲ್ಲದೆ ಹಂಚುವ ಕ್ಷಮೆಗೆ ಅಗ್ಗದ ಕೃಪೆಯೆಂದು ಹೆಸರಿಟ್ಟನು. ಆತನು ಬೆಲೆ ಕೊಟ್ಟು ಮಾತಾಡಿದವನು. 1945ರ ಏಪ್ರಿಲ್ 9ರಂದು ಹಿಟ್ಲರನ ಸರ್ಕಾರವು ಆತನನ್ನು ಗಲ್ಲಿಗೇರಿಸಿತು. ನಮ್ಮ ಶಾಲೆಯಲ್ಲಿ ನಕಲು ಮಾಡಿದವಳ ಆ ಪತ್ರಿಕೆಯ ಅಂಕಗಳು ಹೋಗುವುವು. ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಅದೇ ದಿನ ಸಾಯಂಕಾಲದಿಂದ ಆ ವಿಷಯದ ಉಪಾಧ್ಯಾಯಿನಿಯು ಅವಳೊಬ್ಬಳನ್ನೇ ಕೂರಿಸಿಕೊಂಡು ಪಾಠ ಹೇಳಲು ತೊಡಗುವಳು. ಇದಕ್ಕೆ ಶುಲ್ಕವಿಲ್ಲ, ತರಗತಿಯಲ್ಲಿ ಇದರ ಮಾತೂ ಬರಕೂಡದು. ಮೊದಲನೆಯದು ನ್ಯಾಯ, ಎರಡನೆಯದು ದಯೆ ಎಂದು ನೋಡುವವರು ಬೇರೆಮಾಡಿ ಹೇಳಬಹುದು. ನಮಗೆ ಅವೆರಡೂ ಒಂದೇ ಕೆಲಸ. ಅಂಕಗಳನ್ನು ಉಳಿಸಿಕೊಟ್ಟಿದ್ದರೆ ಸಾಯಂಕಾಲದ ಪಾಠಕ್ಕೆ ಅವಳು ಬರುತ್ತಿದ್ದಳೆ?

ಶಿಡ್ಲಘಟ್ಟದ ಕಡೆಯವರಿಗೆ ಚಂದ್ರಿಕೆಯ ಉಪಮೆಯನ್ನು ಹೇಳಿದರೆ ಬೇಗ ಮನದಟ್ಟಾಗುವುದು. ನಾಲ್ಕು ಜ್ವರ ಕಳೆದು ಹಣ್ಣಾದ ರೇಷ್ಮೆಹುಳುವನ್ನು ಚಂದ್ರಿಕೆಗೆ ಬಿಡದಿದ್ದರೆ ಅದು ಅಲ್ಲಿ ಇಲ್ಲಿ ಹರಿದಾಡಿ ನೂಲನ್ನು ಕೆಡಿಸಿಕೊಳ್ಳುವುದು. ಬಿದಿರಿನ ಆ ಸುತ್ತುಗಳು ಹುಳುವಿಗೆ ನೆಲೆ ಕೊಡುವುವು. ಹಾಗೆಂದು ನೂಲು ಬಿದಿರಿನಿಂದ ಬರುವುದೆ? ಅದು ತಿಂದ ಸೊಪ್ಪಿನಿಂದ, ಹುಳುವಿನ ಒಡಲಿನಿಂದ ಬರಬೇಕು. ಬರಿಯ ಚಂದ್ರಿಕೆಯನ್ನು ಎಷ್ಟು ದಿನ ನೇತುಹಾಕಿದರೂ ಒಂದು ಎಳೆ ಹುಟ್ಟದು. ಸೊಪ್ಪು ಹಾಕದೆ ಚಂದ್ರಿಕೆಯನ್ನೇ ಹೆಚ್ಚಿಸುತ್ತ ಹೋಗುವ ಮನೆಗಳನ್ನೂ ಶಾಲೆಗಳನ್ನೂ ನಾವು ಕಂಡಿರುವೆವು. (ಈ ಉಪಮೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು, ಗೂಡನ್ನು ಆಮೇಲೆ ಬಿಸಿನೀರಿಗೆ ಹಾಕುವರೆಂಬುದನ್ನು ಅಲ್ಲಿಯ ಹುಡುಗಿಯರೇ ನಮಗೆ ನೆನಪುಮಾಡುವರು.)

ಆಜ್ಞೆಯೂ ಕೃಪೆಯೂ ಹೇಗೆ ಹೆಣೆದುಕೊಂಡಿರುವುವೆಂಬುದಕ್ಕೆ ಇಡೀ ವೇದದಲ್ಲಿ ನಮಗೆ ಬಹಳ ಹಿಡಿಸಿದ ಉದಾಹರಣೆಯು ರೂತಳ ಕಥೆ. ಪೈರು ಕೊಯ್ಯುವಾಗ ಹೊಲದ ಅಂಚನ್ನು ಬರಿದುಮಾಡಬಾರದು, ಉದುರಿದ ತೆನೆಗಳನ್ನು ಕೂಡಿಸಬಾರದು, ಅವು ಬಡವರಿಗೂ ಪರದೇಶಿಗಳಿಗೂ ಸೇರತಕ್ಕವು ಎಂದು ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಆಜ್ಞೆಯಿದೆ. ಹಕ್ಕಲಾಯುವುದೆಂದರೇನೆಂದು ನಮ್ಮ ರಾಗಿಯ ಸೀಮೆಯಲ್ಲಿ ಹುಟ್ಟಿದವರಿಗೆ ತಿಳಿಸಬೇಕಾಗಿಲ್ಲ. ನಂದಿಬೆಟ್ಟದ ಸುತ್ತ ಹುಟ್ಟುವ ಹೊಳೆಗಳೆಲ್ಲ ಬೇರೆ ಸೀಮೆಗಳಿಗೆ ಹರಿದುಹೋಗಿ, ಕೆರೆಯನ್ನೂ ಮಳೆಯನ್ನೂ ನಂಬಿ ಬದುಕಿದ ಊರುಗಳು ಇವು. ಕುಯಿಲು ಮುಗಿದ ಹೊಲದಲ್ಲಿ ಬಗ್ಗಿ ತೆನೆ ಆಯುವ ಹೆಂಗಸರನ್ನು ನಮ್ಮ ಅಜ್ಜಿಯರು ಕಂಡವರು. ಕೆಲವರು ಸ್ವತಃ ಆಯ್ದವರೂ ಇರಬಹುದು.

ಮೋವಾಬಿನ ವಿಧವೆ ರೂತಳು ಅತ್ತೆಯಾದ ನವೊಮಿಯೊಂದಿಗೆ ಬೇತ್ಲೆಹೇಮಿಗೆ ಬಂದಾಗ ಅವಳಿಗೆ ಗಂಡನಿಲ್ಲ, ಭೂಮಿಯಿಲ್ಲ, ಜನರಿಲ್ಲ. ಅಲ್ಲದೆ ಮೋವಾಬ್ಯರು ಕರ್ತನ ಸಭೆಗೆ ಸೇರಕೂಡದೆಂದು ಧರ್ಮೋಪದೇಶಕಾಂಡದಲ್ಲಿ ಬರೆದಿದೆ. ಆದರೂ ಬೋವಜನ ಹೊಲಕ್ಕೆ ಕಾಲಿಡಲು ಅವಳಿಗೆ ಹಕ್ಕಿತ್ತು. ಆ ಹಕ್ಕನ್ನು ಕೊಟ್ಟುದು ಧರ್ಮಶಾಸ್ತ್ರ. ಬೋವಜನು ಕೆಟ್ಟವನಾಗಿದ್ದರೂ ಅಂಚಿನ ತೆನೆಯನ್ನು ಅವಳಿಗೆ ಬಿಡಬೇಕಾಗಿತ್ತು. ಅವನು ಒಳ್ಳೆಯವನಾದುದರಿಂದ ತನ್ನ ಆಳುಗಳಿಗೆ, ಸಿವುಡುಗಳಿಂದಲೂ ತೆನೆಗಳನ್ನು ಎಳೆದು ಅವಳ ಮುಂದೆ ಬೀಳಿಸಿರೆಂದೂ ಅವಳನ್ನು ಗದರಿಸಬೇಡಿರೆಂದೂ ಹೇಳಿದನು. ಈ ಎರಡನೆಯದನ್ನು ಯಾವ ಆಜ್ಞೆಯೂ ಅವನಿಂದ ಕೇಳಿರಲಿಲ್ಲ. ಕೃಪೆಯೆಂದರೆ ಇದು. ಧರ್ಮಶಾಸ್ತ್ರವಿಲ್ಲದಿದ್ದರೆ ಅವಳು ಹೊಲದ ಹೊರಗೆ ನಿಂತು ದಾನಿಯ ಮನಸ್ಸು ಕರಗುವುದನ್ನು ಕಾಯಬೇಕಾಗಿತ್ತು. ಕೃಪೆಯಿಲ್ಲದಿದ್ದರೆ ಅಂಚಿನ ನಾಲ್ಕು ತೆನೆ ಸಿಕ್ಕಿ, ಸಾಯಂಕಾಲದೊಳಗೆ ಬೈಗುಳವೂ ಸಿಕ್ಕುತ್ತಿತ್ತು.

ನಮ್ಮ ಕಾಲದ ಕಾನೂನಿನಲ್ಲಿಯೂ ಇಂತಹ ಹೊಲದಂಚು ಉಂಟು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಖಾಸಗಿ ಶಾಲೆಗಳಲ್ಲಿ ನಾಲ್ಕರಲ್ಲೊಂದು ಸ್ಥಾನವನ್ನು ಬಡ ಮಕ್ಕಳಿಗೆ ಬಿಡಬೇಕೆಂದು ವಿಧಿಸಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯಿದೆಯು ಅನ್ವಯಿಸದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2025ರಲ್ಲಿ ಅದೇ ನ್ಯಾಯಾಲಯದ ನ್ಯಾಯಮೂರ್ತಿಗಳು ಮತ್ತೆ ಎತ್ತಿರುವರು. ವಕೀಲರು ಏನನ್ನಾದರೂ ವಾದಿಸಲಿ. ನಮ್ಮಂತಹ ಶಾಲೆಗಳು ಈ ವಿನಾಯಿತಿಯನ್ನು ಗೆಲುವೆಂದು ಕೊಂಡಾಡುವುದು ನಮಗೆ ಒಪ್ಪಿಗೆಯಿಲ್ಲ. ಕಾನೂನು ಕೇಳಿದುದಕ್ಕಿಂತ ಹೆಚ್ಚು ಕೊಟ್ಟವನು ಬೋವಜ. ಕಾನೂನು ಬಿಟ್ಟುಕೊಟ್ಟಿತೆಂದು ಅಂಚಿನವರೆಗೂ ಕೊಯ್ದುಕೊಳ್ಳುವವನನ್ನು ಕೃಪೆಯ ಕೆಳಗಿರುವವನೆಂದು ಹೇಗೆ ಕರೆಯೋಣ? ಆಡಳಿತ ಮಂಡಲಿಯ ಮುಂದೆ ನಾವು ಇದನ್ನು ಹೇಳಿರುವೆವು, ಇಲ್ಲಿಯೂ ಹೇಳುವೆವು.

ಇನ್ನು ಹೆತ್ತವರ ಮಾತಿಗೆ ಬರೋಣ. ಕನ್ನಡದ ‘ಕೇಳು’ ಎಂಬ ಧಾತುವಿನ ಸೊಗಸನ್ನು ನಮ್ಮವರು ಗಮನಿಸಿದಂತೆ ತೋರದು. ಕಿವಿಯಿಂದ ಆಲಿಸುವುದೂ ಕೇಳುವುದೇ, ಹೇಳಿದಂತೆ ನಡೆಯುವುದೂ ಕೇಳುವುದೇ, ಪ್ರಶ್ನೆ ಮಾಡುವುದೂ ಕೇಳುವುದೇ. ಇಬ್ರಿಯ ಭಾಷೆಯ ‘ಶಮಾ’ ಎಂಬ ಧಾತುವಿಗೆ ಮೊದಲೆರಡು ಅರ್ಥಗಳುಂಟು. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರನ್ನು ಕಿವಿಗೊಡಲು ಕರೆಯುವ ಪ್ರಸಿದ್ಧ ವಾಕ್ಯವು ಅದರಿಂದಲೇ ಆರಂಭವಾಗುವುದು. ಮೂರನೆಯ ಅರ್ಥವನ್ನೂ ಅದೇ ಮಾತಿನಲ್ಲಿ ಕೂಡಿಸಿಟ್ಟುಕೊಂಡ ಭಾಗ್ಯ ಕನ್ನಡದ್ದು. ಮನೆಯಲ್ಲಿ ತೆಲುಗಾಡುವ ನಮ್ಮ ಅನೇಕ ಹುಡುಗಿಯರಿಗೆ ‘ವಿನಡಂ’ ಬೇರೆ, ‘ಅಡಗಡಂ’ ಬೇರೆ. ಕನ್ನಡಕ್ಕೆ ಬಂದಾಗ ಎರಡೂ ಒಂದೇ ಮಾತಾಗುವುದನ್ನು ಕಂಡು ಅವರು ನಗುವರು. “ಹಾಗಾದರೆ ಮಾತು ಕೇಳುವವಳು ಕೇಳಲೂಬಹುದೆ?” ಎಂದು ಕೇಳುವರು.

ಕೇಳಬಹುದು. ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ದೇವದೂತನು ಮರಿಯಳಿಗೆ ವರ್ತಮಾನ ತಂದಾಗ ಅವಳು ಒಡನೆಯೇ ತಲೆಬಾಗಿಸಲಿಲ್ಲ. ಇದು ಹೇಗಾದೀತೆಂದು ಕೇಳಿದಳು. ದೂತನು ಕೋಪಿಸಿಕೊಳ್ಳದೆ ಉತ್ತರ ಕೊಟ್ಟನು. ಆಮೇಲೆ ಅವಳು ತಾನು ದೇವರ ದಾಸಿಯೆಂದು ಒಪ್ಪಿಕೊಂಡಳು. ಅದೇ ಅಧ್ಯಾಯದಲ್ಲಿ ಜಕರೀಯನು ಕೇಳಿದುದಕ್ಕೆ ಅವನ ಬಾಯಿ ಕಟ್ಟಿಹೋಯಿತಲ್ಲವೆ ಎಂದು ತರಗತಿಯಲ್ಲಿ ಯಾವಳಾದರೂ ಎತ್ತದೆ ಬಿಡುವುದಿಲ್ಲ. ಅವನು ನಂಬದೆ ಕೇಳಿದನು, ಅವಳು ನಂಬಿ ಕೇಳಿದಳು ಎಂಬುದು ನಮ್ಮ ಉತ್ತರ. ಲೋಕದ ಇತಿಹಾಸದಲ್ಲಿ ಅತ್ಯಂತ ದೊಡ್ಡ ವಿಧೇಯತೆಯೆಂದು ಸಭೆಯು ಕೊಂಡಾಡುವುದು ಒಂದು ಪ್ರಶ್ನೆಯಿಂದ ಮೊದಲಾಯಿತೆಂಬುದನ್ನು ನಮ್ಮ ಗಂಡಸರು ಬಹಳವಾಗಿ ಪ್ರಸಂಗಿಸಿದಂತೆ ಕಾಣೆವು.

ಕೇಳಿದ ಮೇಲೆ ಒಪ್ಪಕೂಡದೆಂದು ತೋರಿದರೆ? ಫರೋಹನ ಅಪ್ಪಣೆಯಂತೆ ಗಂಡುಕೂಸುಗಳನ್ನು ಕೊಲ್ಲದೆ ಉಳಿಸಿದ ಶಿಪ್ರಾ, ಪೂಗಾ ಎಂಬ ಸೂಲಗಿತ್ತಿಯರು ದೇವರಿಗೆ ಭಯಪಟ್ಟವರೆಂದು ವೇದವು ಹೊಗಳುವುದು. ಆ ಫರೋಹನ ಹೆಸರನ್ನು ಅದು ಹೇಳುವುದೇ ಇಲ್ಲ. ಈ ಸೀಮೆಗೆ ಸುವಾರ್ತೆಯನ್ನೂ ಶಾಲೆ ಆಸ್ಪತ್ರೆಗಳನ್ನೂ ತಂದ ಲಂಡನ್ ಮಿಶನ್ 1795ರಲ್ಲಿ ಸ್ಥಾಪಿತವಾಯಿತು. ಅದನ್ನು ಹೆಚ್ಚಾಗಿ ಬೆಳೆಸಿದವರು ಇಂಗ್ಲೆಂಡಿನ ಸ್ವತಂತ್ರ ಸಭೆಗಳವರು. ಅವರ ಪೂರ್ವಿಕರಾದ ಸುಮಾರು ಎರಡು ಸಾವಿರ ಬೋಧಕರು 1662ರಲ್ಲಿ ಅರಸನ ಕಾಯಿದೆಯೊಂದಕ್ಕೆ ಮನಸ್ಸಾಕ್ಷಿಯಿಂದ ತಲೆಬಾಗದೆ ತಮ್ಮ ಸಭೆಗಳನ್ನು ಕಳೆದುಕೊಂಡರು. ಅವಿಧೇಯರೆನಿಸಿಕೊಂಡವರ ಮಕ್ಕಳೇ ನಮಗೆ ವಿಧೇಯತೆಯ ಪಾಠ ಹೇಳಿದರು!

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1938ರ ಏಪ್ರಿಲ್ 25ರಂದು ಗೌರೀಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆಯನ್ನು ಮೀರಿ ರಾಷ್ಟ್ರಧ್ವಜಕ್ಕಾಗಿ ಕೂಡಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರು ಮೂವತ್ತಕ್ಕೂ ಹೆಚ್ಚೆಂದು ಜನರು ಹೇಳುವರು; ಅಂದಿನ ಸರ್ಕಾರ ಹೇಳಿದ ಸಂಖ್ಯೆ ಅದಕ್ಕಿಂತ ಕಡಿಮೆ. ಅದೇ ವರ್ಷ ಮೈಸೂರು ಸರ್ಕಾರವು ಸಂಸ್ಥಾನದ ಧ್ವಜದೊಂದಿಗೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಲು ಒಪ್ಪಬೇಕಾಯಿತು. ಅಂದು ಕೂಡಿದವರು ಬೈಬಲನ್ನು ಓದಿ ಕೂಡಿದವರಲ್ಲ, ಅವರನ್ನು ನಮ್ಮವರೆಂದು ಹೇಳಿಕೊಳ್ಳುವ ಅಧಿಕಾರವೂ ನಮಗಿಲ್ಲ. ಆದರೆ ಆಜ್ಞೆಯೆಂದು ಹೊರಟುದೆಲ್ಲಾ ಪಾಲಿಸತಕ್ಕದ್ದೆ ಎಂಬ ಪ್ರಶ್ನೆಗೆ ನಮ್ಮ ನೆರೆಯ ರೈತರು ಕೊಟ್ಟ ಉತ್ತರ ಅದು. ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿಮೂರನೆಯ ಅಧ್ಯಾಯದಂತೆ ಅಧಿಕಾರಿಗಳಿಗೆ ಒಳಗಾಗಿರಬೇಕೆಂಬುದನ್ನು ಬಲ್ಲೆವು. ಅದೇ ಅಧ್ಯಾಯವು ಅಧಿಕಾರಿಯನ್ನು ಹಿತಕ್ಕಾಗಿ ನೇಮಿಸಲ್ಪಟ್ಟ 'ಸೇವಕ'ನೆಂದು ಕರೆಯುವುದನ್ನೂ, ಪ್ರೀತಿಯೇ ಧರ್ಮಶಾಸ್ತ್ರದ ನೆರವೇರಿಕೆಯೆಂದು ಮುಂದುವರಿಯುವುದನ್ನೂ ಬಲ್ಲೆವು.

ನಾವು ಇದನ್ನೆಲ್ಲ ಬರೆಯುವುದು ರಾಜಕೀಯಕ್ಕಾಗಿ ಅಲ್ಲ. ನಮ್ಮ ಹುಡುಗಿಯರ ಮುಂದೆ ಫರೋಹನು ಬರುವುದಿಲ್ಲ. ಬರುವವರು ಸೋದರಮಾವಂದಿರು. ಒಂಬತ್ತನೆಯ ತರಗತಿಯ ಬೇಸಗೆ ರಜೆಯಲ್ಲಿ, ಒಳ್ಳೆಯ ಸಂಬಂಧ, ಕೈತಪ್ಪಿದರೆ ಮತ್ತೆ ಬಾರದು, ಅಜ್ಜಿಗೆ ವಯಸ್ಸಾಯಿತು ಎಂದು ಮಾತು ತೊಡಗುವುದು. ಹುಡುಗಿ ಅತ್ತರೆ, “ಇಷ್ಟೇ ಏನು ನಿನ್ನ ಶಾಲೆಯಲ್ಲಿ ಕಲಿಸಿದ್ದು? ಹಿರಿಯರ ಮಾತು ಕೇಳಬಾರದೆ?” ಎಂಬ ಪ್ರಶ್ನೆ ಬರುವುದು. ನಮ್ಮ ವಿಧೇಯತೆಯ ಪಾಠವನ್ನು ಹೀಗೆ ಬಳಸಿಕೊಳ್ಳುವರೆಂಬುದೇ ಈ ಲೇಖನದ ಕಾರಣ.

ಮೈಸೂರು ಸಂಸ್ಥಾನವು 1894ರಲ್ಲಿಯೇ ಎಂಟು ವರ್ಷದೊಳಗಿನ ಹೆಣ್ಣುಕೂಸುಗಳ ಮದುವೆಯನ್ನು ನಿಷೇಧಿಸಿತು. ಎಂಟು ವರ್ಷ! ಇಂದು ಓದಿದರೆ ಕಣ್ಣು ತೇವವಾಗುವುದು. ಅಂದು ಅದೇ ದೊಡ್ಡ ಸಾಹಸವಾಗಿತ್ತು. 2006ರ ಕಾಯಿದೆಯಂತೆ ಹುಡುಗಿಗೆ ಹದಿನೆಂಟು ತುಂಬಿರಬೇಕು. ಕರ್ನಾಟಕದ ತಿದ್ದುಪಡಿಯು 2017ರಲ್ಲಿ ಜಾರಿಗೆ ಬಂದುದರಿಂದ ಅದಕ್ಕೆ ಮುಂಚೆ ನಡೆದ ಮದುವೆಯು ನಮ್ಮ ರಾಜ್ಯದಲ್ಲಿ ಮೊದಲಿನಿಂದಲೇ ಅಸಿಂಧು. ಎಂಟರಿಂದ ಹದಿನೆಂಟಕ್ಕೆ ಬರಲು ಎಂಬತ್ತು ವರ್ಷಕ್ಕೂ ಮೀರಿ ಹಿಡಿಯಿತು. ಈ ಕಾನೂನು ನಮ್ಮ ಹುಡುಗಿಯರಿಗೆ ಆ ಶಾಲೆಗೆ ಕರೆತರುವ ಹೆಂಗಸಿನ ಕೈಯಿದ್ದಂತೆ. ಮಗಳು ಓದಲಿ ಎಂಬ ಆಸೆಯನ್ನು ಅದು ತಂದೆಯ ಎದೆಯಲ್ಲಿ ಹುಟ್ಟಿಸಲಾರದು, ಆದರೆ ದಾರಿಯಲ್ಲಿ ಅವಳನ್ನು ಯಾರೂ ಎಳೆದುಕೊಂಡು ಹೋಗದಂತೆ ನೋಡಿಕೊಳ್ಳಬಲ್ಲುದು. ಆಸೆ ಹುಟ್ಟಿಸುವುದು ಬೇರೆಯವರ ಕೆಲಸ. ತಂದೆತಾಯಿಗಳಿಗೆ ಮಕ್ಕಳು ವಿಧೇಯರಾಗಿರಬೇಕೆಂದು ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿದೆ, ಅದನ್ನು ನಾವು ತಪ್ಪದೆ ಕಲಿಸುವೆವು. ನಾಲ್ಕನೆಯ ವಚನದಲ್ಲಿ ಮಕ್ಕಳಿಗೆ ಕೋಪವೆಬ್ಬಿಸಬಾರದೆಂದು ತಂದೆಗಳಿಗೂ ಒಂದು ಅಪ್ಪಣೆಯುಂಟು. ಅದನ್ನು ಕಂಠಪಾಠ ಮಾಡಿದ ತಂದೆಯು ನಮಗೆ ಇನ್ನೂ ದೊರೆತಿಲ್ಲ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಬೇಡಿಕೆ. ನೀವು ನಾಲ್ಕು ತಾಲ್ಲೂಕುಗಳಲ್ಲಿಯೂ, ಅದರಾಚೆಗೂ ಇರುವಿರಿ. ಕೆಲವರು ಉಪಾಧ್ಯಾಯಿನಿಯರು, ಕೆಲವರು ದಾದಿಯರು, ಬಹಳ ಮಂದಿ ಮನೆ ನಡೆಸುವವರು. ನಿಮ್ಮ ಮನೆಯಲ್ಲಾಗಲಿ ನೆಂಟರ ಮನೆಯಲ್ಲಾಗಲಿ ಇಂತಹ ಮಾತುಕತೆ ತೊಡಗಿದಾಗ, ಚಾಪೆಯ ಮೇಲೆ ಹುಡುಗಿಯನ್ನೂ ಕೂರಿಸಿ. ಅವಳು ಕೇಳಲಿ. ಅವಳಿಗೆ ಉತ್ತರ ಕೊಡಿ. ಅವಳು ಹತ್ತನೆಯ ತರಗತಿಯನ್ನು ಮುಗಿಸುವವರೆಗೆ ಫೀಜಿಗೋ ಪುಸ್ತಕಕ್ಕೋ ನೂರು ರೂಪಾಯಿ ಸಾಲದೆ ಹೋದರೆ ಸಿವುಡಿನಿಂದ ನಾಲ್ಕು ತೆನೆ ಎಳೆದು ಬೀಳಿಸಿ, ಬೀಳಿಸಿದುದನ್ನು ಯಾರಿಗೂ ಹೇಳಬೇಡಿ.

ಶಾಲೆಯ ಮುಂಬಾಗಿಲಿನ ಒಳಗೋಡೆಯ ಮೇಲೆ ಪ್ರತಿ ವಾರವೂ ವೇದವಾಕ್ಯವೊಂದನ್ನು ಬರೆಯುವ ಕರಿಹಲಗೆಯನ್ನು ನೀವೆಲ್ಲರೂ ಬಲ್ಲಿರಿ. ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಯನ್ನು ಅದರ ಪಕ್ಕದಲ್ಲಿಯೇ ಬಣ್ಣದಿಂದ ಬರೆಯಿಸಿರುವೆವು. ವಾಕ್ಯದ ಪಕ್ಕದಲ್ಲಿ ಅದು ಒಪ್ಪುವುದಿಲ್ಲವೆಂದು ಸಭೆಯವರಲ್ಲಿ ಕೆಲವರೂ, ಹುಡುಗಿಯರನ್ನು ಮನೆಯವರ ಮೇಲೆ ಎತ್ತಿಕಟ್ಟಿದಂತಾಗುವುದೆಂದು ಹೆತ್ತವರಲ್ಲಿ ಕೆಲವರೂ ಬೇಸರಪಟ್ಟರು. ಇಬ್ಬರಿಗೂ ಕುರ್ಚಿ ಹಾಕಿಸಿ, ಕಾಫಿ ಕೊಡಿಸಿ, ಮೇಲೆ ಬರೆದುದನ್ನು ಹೇಳಿದೆವು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಸಂಖ್ಯೆಯು ಗೋಡೆಯ ಮೇಲಿದೆ.